ಜೀಪು ಮಾರಿದಿರಿ, ಆರ್.ಸಿ. ಯಾರ ಹೆಸರಿನಲ್ಲಿದೆ?

ದೋಣಿಗಲ್ಲಿನಿಂದ ಶಿರಾಡಿ ಘಾಟಿ ಇಳಿಯುವ ರಸ್ತೆಯ ಎರಡು ಬದಿಯ ತೋಟಗಳಲ್ಲಿ ಹಳೆಯ ಜೀಪಿಲ್ಲದ ಮನೆ ಕಡಿಮೆ. ಗೊಬ್ಬರದ ಮೂಟೆ, ಔಷಧಿಯ ಡ್ರಮ್ಮು, ಕಾಫಿ ಹಣ್ಣು, ಕೆಲಸದಾಳುಗಳು ಎಲ್ಲವೂ ಅದರಲ್ಲೇ. ಮಳೆಗಾಲದಲ್ಲಿ ಬೇರೆ ಗಾಡಿ ಹತ್ತದ ಏರನ್ನು ಅದು ಹತ್ತುತ್ತದೆ. ಆದುದರಿಂದಲೇ ಮಲೆನಾಡಿನಲ್ಲಿ ಹಳೆಯ ಜೀಪಿಗೆ ಎಂದೂ ಗಿರಾಕಿಯುಂಟು. ಅದು ಮೂಡಿಗೆರೆಯಿಂದ ಸಕಲೇಶಪುರಕ್ಕೆ, ಅಲ್ಲಿಂದ ಆಲೂರಿಗೆ, ಮತ್ತೆ ಸೋಮವಾರಪೇಟೆಗೆ ಕೈ ಬದಲಾಯಿಸುತ್ತಲೇ ಇರುತ್ತದೆ. ಕೈ ಬದಲಾದರೂ ಆರ್.ಸಿ.ಯಲ್ಲಿನ ಹೆಸರು ಮಾತ್ರ ಎಷ್ಟೋ ವೇಳೆ ಬದಲಾಗುವುದಿಲ್ಲ.

ಒಬ್ಬ ಬೆಳೆಗಾರರು ತಮ್ಮ ಜೀಪನ್ನು ಪರಿಚಯದವರಿಗೆ ಮಾರಿದರೆಂದು ಇಟ್ಟುಕೊಳ್ಳೋಣ. ಹಣ ಎಣಿಸಿಕೊಂಡು, ಛಾಪಾ ಕಾಗದದ ಮೇಲೆ ಸಹಿ ಮಾಡಿ, ಕೀಲಿಕೈ ಕೊಟ್ಟುಬಿಟ್ಟರು. ಕೊಂಡವರು ಒಂದು ವರ್ಷ ಓಡಿಸಿ ಮತ್ತೊಬ್ಬರಿಗೆ ಮಾರಿದರು. ಆ ಮೂರನೆಯವರು ವಿಮೆ ಕಟ್ಟಲಿಲ್ಲ. ಘಾಟಿಯ ತಿರುವಿನಲ್ಲಿ ಜೀಪು ಒಬ್ಬ ದಾರಿಹೋಕನಿಗೆ ಬಡಿಯಿತು. ನೋಟೀಸು ಯಾರ ಮನೆಗೆ ಬರುತ್ತದೆ? ಮೊದಲಿನ ಬೆಳೆಗಾರರ ಮನೆಗೆ! 'ನಾನು ಮಾರಿ ಎರಡು ವರ್ಷವಾಯಿತು, ಇಗೋ ಕರಾರು ಪತ್ರ' ಎಂದರೆ ನ್ಯಾಯಾಲಯ ಒಪ್ಪುವುದೆ?

ಇಂಥದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅಪಘಾತವಾದದ್ದು 2009ರಲ್ಲಿ. ಆ ವೇಳೆಗೆ ವಾಹನ ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು, ಆದರೆ ದಾಖಲೆಯಲ್ಲಿ ಮೊದಲನೆಯವರ ಹೆಸರೇ ಉಳಿದಿತ್ತು, ವಿಮೆಯೂ ಇರಲಿಲ್ಲ. 2018ರ ಫೆಬ್ರವರಿಯಲ್ಲಿ ನ್ಯಾಯಾಲಯ ತೀರ್ಪಿತ್ತು: ಅಪಘಾತದ ದಿನ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿರುವುದೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಗಾಯಗೊಂಡವರು ಅಥವಾ ಮೃತರ ಮನೆಯವರು, ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕುತ್ತ ಅಲೆಯಬೇಕಾಗಿಲ್ಲ ಎಂಬುದು ನ್ಯಾಯಾಲಯದ ಭಾವನೆ. ಇದು ನ್ಯಾಯವೇ ಸರಿ. ಆದರೆ ಮಾರಿದವರಿಗೆ ಅದರ ಬಿಸಿ ತಟ್ಟುವುದು ತೋಟ ಜಪ್ತಿಗೆ ಬಂದಾಗ.

ಜಮೀನಿನ ವಿಷಯದಲ್ಲಿ ನಮ್ಮ ರೈತರು ಎಷ್ಟು ಜಾಗರೂಕರು! ಕ್ರಯಪತ್ರ ರಿಜಿಸ್ಟರಾದ ಮಾರನೆಯ ದಿನವೇ ಖಾತೆ ಬದಲಾವಣೆಗೆ ಓಡುತ್ತಾರೆ. ಪಹಣಿಯಲ್ಲಿ ಹೆಸರು ಬರುವವರೆಗೆ ನಿದ್ದೆಯಿಲ್ಲ. ಅಲ್ಲಿ ಆತುರ ಕೊಂಡವನಿಗೆ. ವಾಹನದಲ್ಲಿ ಮಾರಿದವನಿಗೂ ಅಷ್ಟೇ ಆತುರವಿರಬೇಕು.

ಕಾನೂನು ಹೇಳುವುದು ಕಷ್ಟದ ಸಂಗತಿಯೇನಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 50ನೇ ಕಲಮಿನಂತೆ, ರಾಜ್ಯದೊಳಗೇ ಮಾರಿದ್ದಾದರೆ ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ನಮೂನೆ 29ರಲ್ಲಿ ತಿಳಿಸತಕ್ಕದ್ದು. ಕೊಂಡವರು 30 ದಿನಗಳೊಳಗೆ ತಾವು ವಾಸವಿರುವ ಪ್ರದೇಶದ ಕಛೇರಿಗೆ ನಮೂನೆ 30ರಲ್ಲಿ ಅರ್ಜಿ ಹಾಕತಕ್ಕದ್ದು. ಮಂಗಳೂರಿನಲ್ಲಿ ಕೊಂಡ ಪಿಕಪ್ಪಿಗೆ ದೋಣಿಗಲ್ಲಿನವರು ಹೋಗಬೇಕಾದದ್ದು ಸಕಲೇಶಪುರದ ಕಛೇರಿಗೆ. ಈ ಕಛೇರಿಯ ಸಂಖ್ಯೆ ಕೆಎ 46, ಹಾಸನದ್ದು ಕೆಎ 13. ಹಾಗೆಂದು ಹೊಸ ನಂಬರು ಬೇಕಾಗಿಲ್ಲ. ರಾಜ್ಯದೊಳಗೆ ಹಳೆಯ ನಂಬರೇ ನಡೆಯುತ್ತದೆ. ಈಗ ಅರ್ಜಿಯನ್ನು ಮೊದಲು ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ತುಂಬಿ, ಶುಲ್ಕವನ್ನೂ ಅಲ್ಲಿಯೇ ಕಟ್ಟಬೇಕು.

ಕೇರಳದಿಂದಲೋ ತಮಿಳುನಾಡಿನಿಂದಲೋ ಅಗ್ಗಕ್ಕೆ ಸಿಕ್ಕಿತೆಂದು ಗಾಡಿ ತರುವವರು ಅಲ್ಲಿನ ಕಛೇರಿಯ ನಿರಾಕ್ಷೇಪಣಾ ಪತ್ರವನ್ನು ಕೈಗೆ ಪಡೆಯದೆ ಪೂರ್ತಿ ಹಣ ಕೊಡಬಾರದು. ಇಲ್ಲಿ ತೆರಿಗೆ ಕಟ್ಟಿ, ಹೊಸ ನಂಬರು ಪಡೆಯುವ ಖರ್ಚನ್ನೂ ಲೆಕ್ಕ ಹಾಕಿದರೆ ಆ ಅಗ್ಗ ಎಷ್ಟೋ ವೇಳೆ ಅಗ್ಗವಾಗಿರುವುದಿಲ್ಲ.

ಸಾಲದ ಗಾಡಿಯ ಮಾತು ಬೇರೆ. ಬ್ಯಾಂಕಿನ ಅಥವಾ ಸಹಕಾರ ಸಂಘದ ಹೆಸರು ಆರ್.ಸಿ.ಯಲ್ಲಿದ್ದರೆ ಅವರ ಲಿಖಿತ ಒಪ್ಪಿಗೆಯಿಲ್ಲದೆ ಹೆಸರು ಬದಲಾಗದು. ಸಾಲ ತೀರಿದೊಡನೆ ನಮೂನೆ 35ಕ್ಕೆ ಅವರ ಸಹಿ ಹಾಕಿಸಿ ಆ ನಮೂದನ್ನು ತೆಗೆಸಿಬಿಡಿ. ಹತ್ತು ವರ್ಷ ಬಿಟ್ಟು ಹೋದರೆ ಬ್ಯಾಂಕಿನಲ್ಲಿ ಹಳೆಯ ಕಡತ ಹುಡುಕುವವರು ಯಾರು?

ವಿಮೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ವಾಹನ ಕೈ ಬದಲಾದಾಗ ಚಾಲ್ತಿಯಲ್ಲಿರುವ ವಿಮೆ ತಾನಾಗಿಯೇ ಹೊಸಬರಿಗೆ ವರ್ಗವಾದಂತೆ ಎಂದು 157ನೇ ಕಲಮು ಹೇಳುತ್ತದೆ. ಈ ರಕ್ಷಣೆ ಮೂರನೆಯವರಿಗಾದ ಹಾನಿಗೆ ಮಾತ್ರ. ನಿಮ್ಮ ಗಾಡಿಯೇ ಕಂದಕಕ್ಕೆ ಉರುಳಿ ಜಖಂ ಆದರೆ, ವಿಮಾ ಪತ್ರ ನಿಮ್ಮ ಹೆಸರಿಗೆ ಆಗಿರದಿದ್ದಲ್ಲಿ ಕಂಪನಿಯವರು ತಕರಾರು ತೆಗೆಯುವರು. ಆದುದರಿಂದ ಕೊಂಡ 14 ದಿನಗಳೊಳಗೆ ಕಂಪನಿಗೂ ಅರ್ಜಿ ಕೊಡಬೇಕು.

ಟ್ರ್ಯಾಕ್ಟರು ಕೊಂಡವರು ಮರೆಯುವುದು ಟ್ರೈಲರನ್ನು. ಅದಕ್ಕೂ ಪ್ರತ್ಯೇಕ ನೋಂದಣಿಯಿದೆ. ಟ್ರ್ಯಾಕ್ಟರಿನ ಕಾಗದ ಮಾತ್ರ ಬದಲಾಯಿಸಿದರೆ ಅರ್ಧ ಕೆಲಸವಾದಂತೆ. ಬೇಸಾಯಕ್ಕೆಂದು ವಿಮೆ ಮಾಡಿಸಿ ಇಟ್ಟಿಗೆ ಗೂಡಿಗೆ ಮಣ್ಣು ಹೊಡೆದ ಟ್ರ್ಯಾಕ್ಟರಿನ ಪ್ರಕರಣವೊಂದರಲ್ಲಿ, ಗಾಯಗೊಂಡ ಕೂಲಿಯಾಳಿಗೆ ಕಂಪನಿ ಹೊಣೆಯಲ್ಲವೆಂದು 2007ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಬಡ ಕೂಲಿಯವನೆಂದು ಕಂಪನಿಯೇ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಕುಯ್ಲಿನ ಕಾಲದಲ್ಲಿ ಆಳುಗಳನ್ನು ಟ್ರೈಲರಿನಲ್ಲಿ ತುಂಬಿ ಸಾಗಿಸುವ ತೋಟದವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಮನೆಯ ಹಿರಿಯರು ತೀರಿಕೊಂಡಾಗ ಗಾಡಿಯ ನೆನಪು ಯಾರಿಗೂ ಬರುವುದಿಲ್ಲ. ಪೌತಿ ಖಾತೆಗೆ ಅರ್ಜಿ ಹೋಗುತ್ತದೆ, ಬ್ಯಾಂಕಿನ ಖಾತೆ ವಿಚಾರಿಸುತ್ತಾರೆ. ಜೀಪು ಮಾತ್ರ ತಂದೆಯ ಹೆಸರಿನಲ್ಲೇ ಮಗ ಓಡಿಸುತ್ತಿರುತ್ತಾನೆ. ಮರಣವಾದ 30 ದಿನಗಳೊಳಗೆ ಕಛೇರಿಗೆ ತಿಳಿಸಿದರೆ ಮೂರು ತಿಂಗಳು ಹಾಗೆಯೇ ಓಡಿಸಲು ಅವಕಾಶವಿದೆ. ಆ ಅವಧಿಯಲ್ಲಿ ಮರಣ ಪತ್ರದೊಡನೆ ನಮೂನೆ 31ರಲ್ಲಿ ಅರ್ಜಿ ಕೊಡತಕ್ಕದ್ದು. ಅಣ್ಣತಮ್ಮಂದಿರ ನಡುವೆ ಒಪ್ಪಂದವಾಗದೆ ಕಾಗದ ನಿಂತುಹೋಗುವುದು ಸಾಮಾನ್ಯ. 2021ರ ನಿಯಮ ತಿದ್ದುಪಡಿಯಿಂದ ಮಾಲೀಕರು ತಾವು ಬದುಕಿರುವಾಗಲೇ ಆರ್.ಸಿ.ಯಲ್ಲಿ ನಾಮಿನಿ ಹೆಸರು ಸೇರಿಸಬಹುದಾಗಿದೆ. ಇದನ್ನು ಮಾಡಿಸಿಟ್ಟವರು ಮಲೆನಾಡಿನಲ್ಲಿ ಎಷ್ಟು ಮಂದಿ ಇದ್ದಾರೋ!

ಹಳೆಯ ಗಾಡಿಗಳ ದಲ್ಲಾಳಿಗೆ ಮಾರುವವರಿಗೂ ಒಂದು ಅನುಕೂಲ ಬಂದಿದೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮದಂತೆ, ಅಧಿಕೃತ ಪತ್ರ ಪಡೆದ ವ್ಯಾಪಾರಿಗೆ ಗಾಡಿ ಒಪ್ಪಿಸಿ ಕಛೇರಿಗೆ ತಿಳಿಸಿದರೆ, ಮುಂದೆ ಮಾರುವವರೆಗೆ ಹೊಣೆ ಆ ವ್ಯಾಪಾರಿಯದು. ಆ ಪತ್ರ ಇದೆಯೇ ಎಂದು ಕೇಳಿ ನೋಡಿ, ಮಾತಿಗೆ ಮರುಳಾಗಬೇಡಿ. ಖಾಲಿ ನಮೂನೆಗಳಿಗೆ ಸಹಿ ಹಾಕಿ ಕೊಡುವುದಂತೂ ಖಾಲಿ ಚೆಕ್ಕಿಗೆ ಸಹಿ ಹಾಕಿದಂತೆಯೇ.

ಕೊನೆಗೆ, ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಗಾಡಿ. ಇನ್ನು ಓಡಲಾರದೆಂದು ಖಚಿತವಾದರೆ ಅದನ್ನೂ 14 ದಿನಗಳೊಳಗೆ ಕಛೇರಿಗೆ ತಿಳಿಸಿ, ನೋಂದಣಿ ರದ್ದು ಮಾಡಿಸಬೇಕು. ಕಾಗದದ ಸಮೇತ ಗುಜರಿಗೆ ಹಾಕಿದರೆ, ಆ ಆರ್.ಸಿ. ಮತ್ತು ನಂಬರು ನಾಳೆ ಯಾವ ಕಳ್ಳ ಗಾಡಿಗೆ ಅಂಟಿಕೊಳ್ಳುವುದೋ ಹೇಳಬರುವುದಿಲ್ಲ.