ಹದಿನೈದು ಅಂಕದ ಊರುಗಳು

‘ಯುವಿಕಾ’ ಅಂದರೆ ಯಾರದೋ ಮನೆಯ ಹುಡುಗಿಯ ಹೆಸರಿದ್ದಂತಿದೆ. ಅದು ‘ಯುವ ವಿಜ್ಞಾನಿ ಕಾರ್ಯಕ್ರಮ’ವನ್ನು ಮೂರಕ್ಷರಕ್ಕೆ ಇಳಿಸಿದ್ದು. ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಇಸ್ರೋ 2019ರಲ್ಲಿ ಆರಂಭಿಸಿದ ಬೇಸಿಗೆ ಶಿಬಿರವಿದು. ಮೇ ತಿಂಗಳಲ್ಲಿ ಗೋಕಾಕ ಫಾಲ್ಸ್‌ನಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುವ ಹೊತ್ತಿಗೆ, ಆಯ್ಕೆಯಾದ ಮಕ್ಕಳು ಇಸ್ರೋದ ಕೇಂದ್ರಗಳಲ್ಲಿ ಸುಮಾರು ಎರಡು ವಾರ ಉಳಿದು ಉಪಗ್ರಹ, ರಾಕೆಟ್ಟುಗಳ ಪಾಠ ಕೇಳುತ್ತಾರೆ, ಪ್ರಯೋಗಾಲಯ ಸುತ್ತುತ್ತಾರೆ, ವಿಜ್ಞಾನಿಗಳನ್ನು ಎದುರಿಗೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ರಾಕೆಟ್ ಮಾದರಿ, ರೋಬೋಟ್ ಕಿಟ್, ಡಬ್ಬಿಯಷ್ಟು ಗಾತ್ರದ ‘ಕ್ಯಾನ್‌ಸ್ಯಾಟ್’ ಇವೆಲ್ಲ ಅಲ್ಲಿ ಕೈಗೆ ಸಿಗುತ್ತವೆ. ಊಟ, ವಸತಿ, ಪ್ರಯಾಣದ ಖರ್ಚು ಇಸ್ರೋದ್ದೇ.

ಮೊದಲ ವರ್ಷ ಆಯ್ಕೆಯ ಹೊಣೆ ರಾಜ್ಯ ಸರಕಾರಗಳ ಮೇಲಿತ್ತು. ಪ್ರತಿ ರಾಜ್ಯದಿಂದ ಮೂವರು ಮಕ್ಕಳ ಹೆಸರು ಕಳಿಸಿರೆಂದು ಇಸ್ರೋ ಕೇಳಿಕೊಂಡಿತ್ತು. ಆಮೇಲೆ ಆ ಪದ್ಧತಿ ಹೋಗಿ, ಮಕ್ಕಳೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಪದ್ಧತಿ ಬಂತು. ಕೋವಿಡ್ ನಂತರ 2022ರಲ್ಲಿ ಶಿಬಿರ ಮತ್ತೆ ನಡೆಯಿತು. 2023ರಲ್ಲಿ ಏಳು ಕೇಂದ್ರಗಳಿಗೆ ಹಬ್ಬಿತು: ತಿರುವನಂತಪುರ, ಬೆಂಗಳೂರು, ಅಹಮದಾಬಾದ್, ಹೈದರಾಬಾದ್, ಶಿಲ್ಲಾಂಗ್, ಡೆಹ್ರಾಡೂನ್ ಮತ್ತು ಶ್ರೀಹರಿಕೋಟಾ. ಬೆಂಗಳೂರಿನ ಕೇಂದ್ರಕ್ಕೆ ಯು.ಆರ್. ರಾವ್ ಅವರ ಹೆಸರಿದೆ. 1975ರಲ್ಲಿ ‘ಆರ್ಯಭಟ’ ಉಪಗ್ರಹ ಕಟ್ಟಿದ ತಂಡವನ್ನು ಮುನ್ನಡೆಸಿದ ಅವರು ಹುಟ್ಟಿದ್ದು ಉಡುಪಿ ಹತ್ತಿರದ ಅದಮಾರು ಎಂಬ ಹಳ್ಳಿಯಲ್ಲಿ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನವರು ಗಮನಿಸಬೇಕಾದ ಮಾತು ಆಯ್ಕೆಯ ಲೆಕ್ಕದಲ್ಲಿದೆ. ಈಚಿನ ವರ್ಷಗಳ ನಿಯಮದಂತೆ ಎಂಟನೇ ತರಗತಿಯ ಅಂಕಗಳಿಗೆ 50ರ ತೂಕ, ಆನ್‌ಲೈನ್ ಕ್ವಿಜ್‌ಗೆ 10. ವಿಜ್ಞಾನ ಮೇಳ, ಒಲಿಂಪಿಯಾಡ್, ಆಟೋಟದ ಬಹುಮಾನ, ಸ್ಕೌಟ್ಸ್, ಎನ್‌ಸಿಸಿಗೆ ಒಂದಿಷ್ಟು. ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುವ ಮಗುವಿಗೆ ನೇರವಾಗಿ 15.

ಈ ಹದಿನೈದು ಎಷ್ಟು ದೊಡ್ಡದೆಂದು ಕೂಡಿ ನೋಡೋಣ. ಎಂಟನೇ ತರಗತಿಯಲ್ಲಿ ನೂರಕ್ಕೆ ನೂರು ತೆಗೆದ ಪಟ್ಟಣದ ಹುಡುಗನಿಗೆ ಸಿಗುವುದು 50. ಕೌಜಲಗಿಯಲ್ಲೋ ಯಾದವಾಡದಲ್ಲೋ ಪಾಶ್ಚಾಪುರದಲ್ಲೋ ಓದಿ ಶೇ 70 ತೆಗೆದ ಹುಡುಗಿಗೆ 35. ಅದಕ್ಕೆ ಹದಿನೈದು ಕೂಡಿದರೆ ಆಕೆಯೂ 50. ಅಂದರೆ ಶೇ 30ರ ಅಂತರವನ್ನು ಊರೇ ತುಂಬಿಕೊಡುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯಲ್ಲ, ಶಾಲೆ ಇರುವ ಜಾಗ. ಗೋಕಾಕದ್ದು ನಗರಸಭೆ, ಮೂಡಲಗಿ, ಹುಕ್ಕೇರಿ, ಸಂಕೇಶ್ವರದ್ದು ಪುರಸಭೆ. ಹಳ್ಳಿಯಿಂದ ದಿನಾ ಬಸ್ಸು ಹತ್ತಿ ಪಟ್ಟಣದ ಹೈಸ್ಕೂಲಿಗೆ ಬರುವ ಮಗು ರೈತರ ಮನೆಯದಾದರೂ ಆ ಹದಿನೈದನ್ನು ಊರಲ್ಲೇ ಬಿಟ್ಟು ಬಂದಂತೆ.

ತೊಡಕು ಇರುವುದು ಇಲ್ಲೇ. ಅಂಕ ಇರುವುದು ಹಳ್ಳಿಯಲ್ಲಿ, ಸುದ್ದಿ ತಿರುಗುವುದು ಪಟ್ಟಣದಲ್ಲಿ. 2024ರಲ್ಲೂ 2025ರಲ್ಲೂ ಅರ್ಜಿಯ ಕಿಟಕಿ ತೆರೆದದ್ದು ಫೆಬ್ರುವರಿಯ ಕೊನೆಗೆ, ಮುಚ್ಚಿದ್ದು ಮಾರ್ಚ್ ಮೂರನೇ ವಾರದ ಸುಮಾರಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿಯಲ್ಲಿ ಮಾಸ್ತರರಿಗೆ ಉಸಿರಾಡಲೂ ಪುರಸೊತ್ತಿಲ್ಲದ ಕಾಲ ಅದು. ಒಂಬತ್ತರ ಮಕ್ಕಳತ್ತ ಯಾರ ಕಣ್ಣೂ ಹೋಗುವುದಿಲ್ಲ. ಜನವರಿ ಒಂದಕ್ಕೆ ಒಂಬತ್ತನೇ ತರಗತಿಯಲ್ಲಿರಬೇಕು ಎಂಬುದು ನಿಯಮ. ಹೀಗಾಗಿ ಈ ವರ್ಷ ತಪ್ಪಿತೆಂದರೆ ಮುಂದಿನ ವರ್ಷ ನೋಡೋಣ ಎನ್ನುವ ಮಾತಿಲ್ಲ. ಒಂದು ಮಗುವಿಗೆ ಒಂದೇ ಸಲ.

ಹೆಸರು ಕಳಿಸುವ ಪದ್ಧತಿ ಹೋದರೂ ಶಾಲೆಯ ಪಾತ್ರ ಹೋಗಿಲ್ಲ. ಎಂಟರ ಅಂಕಪಟ್ಟಿಯನ್ನು ದೃಢೀಕರಿಸಬೇಕು, ಶಾಲೆ ಪಂಚಾಯಿತಿಯಲ್ಲಿದೆ ಎಂದು ಬರೆದುಕೊಡಬೇಕು. ಇದಕ್ಕೆಲ್ಲ ಹೆಡ್ ಮಾಸ್ತರರ ಸಹಿ, ಶಿಕ್ಕಾ ಬೇಕು. ಹಿಂದಿನ ವರ್ಷ ವಿಜ್ಞಾನ ಮೇಳದಲ್ಲಿ ಸಿಕ್ಕ ಪ್ರಮಾಣಪತ್ರ ಮನೆಯ ಗೋಡೆಗೆ ಅಂಟಿಸಿ ಹರಿದುಹೋಗಿದ್ದರೆ ಆ ಅಂಕವೂ ಹರಿದಂತೆಯೇ.

ಆ ಪ್ರಮಾಣಪತ್ರಗಳಿಗೆ ಬಾಗಿಲು ಹತ್ತಿರವೇ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮಕ್ಕಳ ವಿಜ್ಞಾನ ಸಮಾವೇಶಗಳನ್ನು ನಡೆಸುತ್ತ ಬಂದಿದೆ. ಕೇಂದ್ರದ ‘ಇನ್‌ಸ್ಪೈರ್ ಮಾನಕ್’ ಯೋಜನೆಯಲ್ಲಂತೂ ಇವತ್ತಿಗೂ ಶಾಲೆಯೇ ಹೆಸರು ಸೂಚಿಸಬೇಕು. ಐದು ಮಕ್ಕಳ ಹೊಸ ವಿಚಾರಗಳನ್ನು ಕಳಿಸಬಹುದು, ಆಯ್ಕೆಯಾದ ಮಗುವಿಗೆ ಮಾದರಿ ಕಟ್ಟಲು 10,000 ರೂಪಾಯಿ ಬರುತ್ತದೆ. ವಿಷಯಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಹಿಡಕಲ್ ಜಲಾಶಯದ ನೀರು, ಮೂಡಲಗಿ ಹೊಲಗಳ ಕಬ್ಬಿನ ರವದಿ, ಘಟಪ್ರಭೆಯ ಬಲದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ತಿರುಗಿದ ಗೋಕಾಕದ ಗಿರಣಿ, ಕರೆಂಟನ್ನೂ ಸಹಕಾರ ಸಂಘದಿಂದಲೇ ಹಂಚಿಕೊಳ್ಳುವ ಹುಕ್ಕೇರಿ: ಪ್ರತಿಯೊಂದರಲ್ಲೂ ಒಂದು ಪ್ರಶ್ನೆ ಇದೆ.

ಮೂರೂ ತಾಲೂಕು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಪ್ರತಿ ಹೈಸ್ಕೂಲಿನಲ್ಲಿ ಒಬ್ಬ ವಿಜ್ಞಾನ ಶಿಕ್ಷಕರೋ ಅಕ್ಕೋರೋ ಎಂಟನೇ ತರಗತಿಯಿಂದಲೇ ಮಕ್ಕಳ ಹೆಸರಿಗೊಂದು ಫೈಲ್ ಇಟ್ಟು, ಅಂಕಪಟ್ಟಿ, ಪ್ರಮಾಣಪತ್ರಗಳ ಝೆರಾಕ್ಸ್ ಹಾಕುತ್ತ ಹೋದರೆ ಸಾಕು. ಫೆಬ್ರುವರಿ ಬಂದಾಗ ಇಸ್ರೋದ ಪ್ರಕಟಣೆ ನೋಡಿ ಒಂದು ಸಂಜೆ ಕೂತು ಅರ್ಜಿ ತುಂಬಿಸಬಹುದು. ಆಯ್ಕೆ ಆಗುವುದು ಬಿಡುವುದು ಆಮೇಲಿನ ಮಾತು. ಅರ್ಜಿಯನ್ನೇ ಹಾಕದ ಮಗುವಿನ ಹದಿನೈದು ಅಂಕ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.