ಮೆರವಣಿಗೆಯ ಹಾಡು ತಡವರಿಸುವುದೇಕೆ?

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬೀದಿಯಲ್ಲಿ ಮದುವೆಯ ಮೆರವಣಿಗೆ ಹೊರಟಿತೆಂದರೆ ಅದರ ಮುಂದೆ ಡಿ.ಜೆ. ವಾಹನವನ್ನು ಕಾಣುವುದು ಈಗ ಸಾಮಾನ್ಯ. ಸ್ಪೀಕರುಗಳ ಗೋಡೆ, ಗುಡುಗುವ ಜನರೇಟರ್, ಇವುಗಳ ನಡುವೆ ಒಂದು ಲ್ಯಾಪ್‌ಟಾಪು. ಕುಣಿತ ರಂಗೇರಿದ ಹೊತ್ತಿನಲ್ಲೇ ಸ್ಪೀಕರಿನಿಂದ ‘ಚಟ್, ಚಟ್’ ಎಂಬ ಸದ್ದು ಬಂದು ಹಾಡು ಅರೆಕ್ಷಣ ಕಡಿದುಹೋಯಿತೆನ್ನಿ. ಕುಣಿಯುವವರ ಹೆಜ್ಜೆ ತಪ್ಪುತ್ತದೆ, ಡಿ.ಜೆ.ಯ ಹೆಸರು ಕೆಡುತ್ತದೆ. ಮುಂದಿನ ಕರೆ ಬೇರೊಬ್ಬನ ಪಾಲಾಗುತ್ತದೆ. ಯಂತ್ರ ಹಳೆಯದಾಯಿತೆಂದು ಬಗೆದು ಅವನು ಸಾಲ ಮಾಡಿ ಹೊಸದನ್ನು ಕೊಳ್ಳಲು ಹೊರಡಬಹುದು. ಆದರೆ ದೋಷ ಬಹುಮಟ್ಟಿಗೆ ಯಂತ್ರದ ವೇಗದಲ್ಲಿ ಇರುವುದಿಲ್ಲ; ಅದರ ಸಮಯಪಾಲನೆಯಲ್ಲಿ ಇರುತ್ತದೆ.

ಗಣಕಯಂತ್ರದೊಳಗೆ ಹಾಡೆಂಬುದು ಅಂಕೆಗಳ ಸಾಲು. ಸಾಮಾನ್ಯವಾಗಿ ಪ್ರತಿ ಸೆಕೆಂಡಿಗೆ 44,100 ಅಂಕೆಗಳು ಎಡ, ಬಲ ಕಿವಿಗಳಿಗೆ ಬೇರೆಬೇರೆಯಾಗಿ ತಪ್ಪದೆ ಹೊರಬೀಳಬೇಕು. ಸ್ಪೀಕರು ಕಾಯುವುದಿಲ್ಲ. ಆದುದರಿಂದ ಲ್ಯಾಪ್‌ಟಾಪು ಅಂಕೆಗಳನ್ನು ಮುಂಚಿತವಾಗಿ ಸಿದ್ಧಪಡಿಸಿ ‘ಬಫರ್’ ಎಂಬ ಸಣ್ಣ ಸಂಗ್ರಹದಲ್ಲಿ ಇರಿಸುತ್ತದೆ.

ಈ ಬಫರನ್ನು ಅರಿಯಲು ನಮ್ಮ ಊರ ಕೆರೆಯನ್ನೇ ನೆನೆಯಬಹುದು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವಾಗ ಕೆರೆಯನ್ನು ತುಂಬಿಸಿಕೊಳ್ಳುತ್ತಾರೆ. ಕಾಲುವೆ ನಿಂತಾಗ ಆ ನೀರೇ ನಲ್ಲಿಗೆ ಬರುತ್ತದೆ. ಕೆರೆ ತೀರ ಚಿಕ್ಕದಾದರೆ ಕಾಲುವೆಗೆ ನೀರು ಬರುವುದು ತುಸು ತಡವಾದರೂ ನಲ್ಲಿ ಒಣಗುತ್ತದೆ. ಬಫರು ಬರಿದಾದಾಗ ಕೇಳಿಬರುವುದೇ ಆ ‘ಚಟ್’ ಸದ್ದು. ಹಾಗೆಂದು ಕೆರೆಯನ್ನು ಬಹಳ ಹಿಗ್ಗಿಸಿದರೆ ಇಂದು ಒಳಹೊಕ್ಕ ನೀರು ನಲ್ಲಿಯನ್ನು ಮುಟ್ಟುವುದು ಎಷ್ಟೋ ದಿನಗಳ ಮೇಲೆ. ಅಂತೆಯೇ ಬಫರು ದೊಡ್ಡದಾದರೆ ಡಿ.ಜೆ. ಗುಂಡಿ ಒತ್ತಿದ ಬಳಿಕ ಸದ್ದು ತಡವಾಗಿ ಹೊರಡುತ್ತದೆ.

ಲೆಕ್ಕ ಮಾಡಿ ನೋಡಿರಿ. 128 ಅಂಕೆಗಳ ಬಫರು ಸುಮಾರು 3 ಮಿಲಿಸೆಕೆಂಡಿಗೆ ಸಾಲುತ್ತದೆ. 512 ಆದರೆ 11.6ಕ್ಕೆ, 1,024 ಆದರೆ 23ಕ್ಕೆ. 11.6 ಮಿಲಿಸೆಕೆಂಡಿನಲ್ಲಿ ಶಬ್ದವು ಗಾಳಿಯಲ್ಲಿ ಸುಮಾರು 4 ಮೀಟರು ಸಾಗುತ್ತದೆ. ಎಂದರೆ ಈ ವಿಳಂಬವು ಸ್ಪೀಕರಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಂತೆಯೇ ಸರಿ. ಮೆರವಣಿಗೆಯಲ್ಲಿ 512ರಿಂದ ಆರಂಭಿಸಿ, ಸದ್ದು ಕಡಿದರೆ 1,024ಕ್ಕೆ ಏರಿಸುವುದು ಜಾಣತನ.

ಹಾಗಾದರೆ ನೀರನ್ನು ತಡೆಯುವವರು ಯಾರು? ಕಾರ್ಯಾಚರಣ ವ್ಯವಸ್ಥೆಯು ನೂರಾರು ಕೆಲಸಗಳಿಗೆ ಸರದಿ ಹಂಚುವ ಗುಮಾಸ್ತನಿದ್ದಂತೆ. ಹಾಡಿನ ಸರದಿ ಬರುವ ಹೊತ್ತಿಗೆ ವೈಫೈ ಸಾಧನವೋ ವೈರಸ್ ತಪಾಸಣೆಯೋ ಅವನನ್ನು ಕೆಲವು ಮಿಲಿಸೆಕೆಂಡು ಹಿಡಿದಿಟ್ಟರೆ ಸಾಕು, ಬಫರು ಬರಿದಾಗುತ್ತದೆ. ಯಂತ್ರದ ಸರಾಸರಿ ವೇಗ ಎಷ್ಟೇ ಇದ್ದರೂ ಆ ಕ್ಷಣಕ್ಕೆ ಅದು ನೆರವಾಗದು.

ಆದುದರಿಂದ ವಿಂಡೋಸ್ ಬಳಸುವವರು ಕಾರ್ಯಕ್ರಮಕ್ಕೆ ಮುನ್ನ ಕೆಲವು ಸಿದ್ಧತೆಗಳನ್ನು ಮಾಡಿಕೊಳ್ಳಬೇಕು. ವೈಫೈ, ಬ್ಲೂಟೂತ್‌ಗಳನ್ನು ಆರಿಸಿರಿ. ಅಪ್‌ಡೇಟುಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ವೈರಸ್ ತಪಾಸಣೆಯನ್ನು ಕಿತ್ತುಹಾಕಬೇಡಿರಿ. ಅದರ ವೇಳೆಯನ್ನು ಬದಲಿಸಿದರೆ ಸಾಕು. ಪವರ್ ಮೋಡನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ತಿರುಗಿಸಿರಿ, ಯು.ಎಸ್.ಬಿ. ಸಾಧನಗಳನ್ನು ನಿದ್ರೆಗೆ ಕಳುಹಿಸುವ ಏರ್ಪಾಡನ್ನು ನಿಲ್ಲಿಸಿರಿ. ಸೂಚನೆಯ ಸದ್ದುಗಳನ್ನು ಅಡಗಿಸಿರಿ. ಇಲ್ಲವಾದರೆ ಅವೂ ಸ್ಪೀಕರಿನಲ್ಲಿ ಮೊಳಗಬಹುದು. ಧ್ವನಿಸಾಧನದ ತಯಾರಕರು ‘ಎಎಸ್ಐಒ’ ಡ್ರೈವರನ್ನು ಒದಗಿಸಿದ್ದರೆ ಅದನ್ನೇ ಬಳಸಿರಿ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ಹೊರತಂದ ಈ ಪದ್ಧತಿಯು ವಿಂಡೋಸಿನ ಸಾಮಾನ್ಯ ಧ್ವನಿಮಾರ್ಗವನ್ನು ಬಳಸದೆ ತಂತ್ರಾಂಶವನ್ನು ಸಾಧನಕ್ಕೆ ನೇರವಾಗಿ ಜೋಡಿಸುತ್ತದೆ.

ರಾಯಚೂರು ಜಿಲ್ಲೆಯವರು ಮರೆಯಬಾರದ ಶತ್ರು ಇನ್ನೊಂದುಂಟು: ಬಿಸಿಲು. ಅನೇಕ ಲ್ಯಾಪ್‌ಟಾಪುಗಳನ್ನು ಸುಮಾರು 35 ಡಿಗ್ರಿಯವರೆಗಿನ ಹವೆಗೆಂದು ರಚಿಸಿರುತ್ತಾರೆ. ಇಲ್ಲಿಯ ಬೇಸಗೆ 40 ಡಿಗ್ರಿಯನ್ನು ದಾಟುತ್ತದೆ. ಯಂತ್ರ ಅತಿಯಾಗಿ ಕಾದಾಗ ಅದರ ಸಂಸ್ಕಾರಕವು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸುತ್ತದೆ. ಆಗ ಯಾವ ಏರ್ಪಾಡೂ ಫಲಿಸದು. ಲ್ಯಾಪ್‌ಟಾಪನ್ನು ನೆರಳಿನಲ್ಲಿ, ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ ಇಡಬೇಕು. ಜನರೇಟರಿನ ವಿದ್ಯುತ್ತು ತಪ್ಪಿ ಬ್ಯಾಟರಿಗೆ ಹೊರಳಿದಾಗಲೂ ವೇಗ ಕುಗ್ಗಬಹುದು; ಬ್ಯಾಟರಿಯ ಏರ್ಪಾಡನ್ನೂ ಮುಂಚೆಯೇ ಸರಿಪಡಿಸಿರಿ.

ಕೊನೆಯದಾಗಿ, ಪರೀಕ್ಷೆ. ‘ಮಿಕ್ಸ್’ ಎಂಬ ಉಚಿತ ಡಿ.ಜೆ. ತಂತ್ರಾಂಶದಲ್ಲಿ ಮನೆಯಲ್ಲೇ ಒಂದು ಗಂಟೆ ಹಾಡುಗಳನ್ನು ನುಡಿಸಿರಿ. ಒಮ್ಮೆಗೆ ಒಂದೇ ಏರ್ಪಾಡನ್ನು ಬದಲಿಸಿ ಫಲವನ್ನು ಬರೆದಿಡಿರಿ. ಪ್ರಯೋಗಶಾಲೆಯ ಈ ಕ್ರಮವೇ ದೋಷದ ಮೂಲವನ್ನು ತೋರಿಸುತ್ತದೆ. ಹೊಸ ಯಂತ್ರಕ್ಕೆ ಹಣ ಸುರಿಯುವ ಮುನ್ನ, ಕೈಯಲ್ಲಿರುವ ಯಂತ್ರಕ್ಕೆ ಸಮಯಪಾಲನೆಯನ್ನು ಕಲಿಸಿ ನೋಡುವುದು ಲೇಸು.