ಲಿವರ್ ಕ್ಯಾನ್ಸರ್ ಚಿಕಿತ್ಸೆಯ ಬಳಿಕ: ನಂಜು, ಪಥ್ಯ ಮತ್ತು ಸತ್ಯ

‘ಲಿವರ್ ಸೋತಿದೆ. ಮೊಟ್ಟೆ, ಮಾಂಸ, ಕಾಳು ಎಲ್ಲ ನಂಜು. ಗಂಜಿ, ಮಜ್ಜಿಗೆ ಅನ್ನ ಸಾಕು.’ ಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ಸಿಗುವ ಮೊದಲ ಉಪದೇಶ ಇದು. ಕಾಮಾಲೆಗೆ ಮಾಡಿಸುವ ಪಥ್ಯವನ್ನೇ ಕ್ಯಾನ್ಸರ್‌ಗೂ ಮಾಡಿಸುತ್ತಾರೆ. ಪ್ರೀತಿಯಿಂದಲೇ ಮಾಡಿಸುತ್ತಾರೆ, ಆದರೆ ರೋಗಿಯ ಶಕ್ತಿಯನ್ನು ಒಳಗಿಂದಲೇ ಕಸಿಯುವ ಪಥ್ಯವಿದು.

ಲಿವರ್ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಮೊದಲೇ ಸಿರೋಸಿಸ್, ಅಂದರೆ ಲಿವರ್ ಗಡುಸಾಗುವ ಕಾಯಿಲೆ, ಇರುತ್ತದೆ. ಹಾಗೆ ಗಡುಸಾದ ಲಿವರ್‌ಗೆ ಸಕ್ಕರೆಯನ್ನು ಸಾಕಷ್ಟು ಕೂಡಿಡಲು ಆಗುವುದಿಲ್ಲ. ರಾತ್ರಿ ಉಂಡು ಬೆಳಿಗ್ಗೆ ಏಳುವಷ್ಟರಲ್ಲಿ ದಾಸ್ತಾನು ಮುಗಿದು, ದೇಹ ತನ್ನ ಮಾಂಸಖಂಡಗಳನ್ನೇ ಕರಗಿಸತೊಡಗುತ್ತದೆ. ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದರೆ ಆಗುವ ಸ್ಥಿತಿ ಇವರಿಗೆ ಒಂದೇ ರಾತ್ರಿಯಲ್ಲಿ ಬರುತ್ತದೆ. ಅದಕ್ಕೇ ಮಲಗುವ ಮುನ್ನ ಏನಾದರೂ ತಿನ್ನಬೇಕು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಗಂಜಿಯಿಂದ ಇದು ತುಂಬುವ ಲೆಕ್ಕವೇ ಅಲ್ಲ. ಹೆಸರುಕಾಳು, ಮೊಸರು, ಹುರಿಗಡಲೆ, ಮೀನು, ಯಾವುದು ಒಗ್ಗುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿ.

ಪ್ರೋಟೀನ್ ತಿಂದರೆ ಅಮೋನಿಯಾ ಏರಿ ಬುದ್ಧಿ ಮಂಕಾಗುತ್ತದೆ ಎಂದು ಹಿಂದೆ ವೈದ್ಯರೂ ಹೆದರುತ್ತಿದ್ದರು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಹಾಗೆ ಮಂಕಾದ ಸಿರೋಸಿಸ್ ರೋಗಿಗಳಿಗೇ ಮಾಮೂಲಿ ಪ್ರಮಾಣದ ಪ್ರೋಟೀನ್ ಕೊಟ್ಟು ನೋಡಿದರು. ಮಂಕು ಹೆಚ್ಚಲಿಲ್ಲ. ರಕ್ತದ ಅಮೋನಿಯಾವನ್ನು ಮಾಂಸಖಂಡಗಳೂ ಹೀರಿಕೊಳ್ಳುತ್ತವೆ, ಅವು ಕರಗಿದಷ್ಟೂ ಮಿದುಳಿಗೇ ತೊಂದರೆ.

‘ಹಗಲೆಲ್ಲ ಮಲಗ್ತಾರೆ, ಸುಸ್ತು, ಮಲಗಲಿ ಬಿಡಿ.’ ಹಗಲು ನಿದ್ದೆ, ರಾತ್ರಿ ಎಚ್ಚರ, ಕೈ ನಡುಕ, ಮಾತು ತಪ್ಪುವುದು, ಇವು ಆ ಮಂಕಿನ ಮುನ್ಸೂಚನೆಗಳಾಗಿರಬಹುದು. ವೈದ್ಯರಿಗೆ ಅವತ್ತೇ ತಿಳಿಸಿ. ಈ ಮಂಕಿಗಾಗಿ ಕೊಡುವ ಲ್ಯಾಕ್ಟುಲೋಸ್ ಸಿರಪ್ಪನ್ನು ‘ಭೇದಿ ಆಗ್ತಿದೆ’ ಎಂದು ಎಷ್ಟೋ ಮನೆಗಳಲ್ಲಿ ನಿಲ್ಲಿಸಿಬಿಡುತ್ತಾರೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಾಗಲೆಂದೇ ಅದನ್ನು ಕೊಡುವುದು. ನೀರಿನಂತೆ ಹೋದರೆ ಮಾತ್ರ ಪ್ರಮಾಣ ಇಳಿಸಬೇಕು, ಅದೂ ವೈದ್ಯರನ್ನು ಕೇಳಿಯೇ.

ನೋವಿನ ವಿಚಾರದಲ್ಲಿ ನಂಬಿಕೆ ಪೂರ್ತಿ ತಲೆಕೆಳಗಾಗಿದೆ. ಪ್ಯಾರಾಸಿಟಮಾಲ್‌ಗೆ ಅಂಜುವವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಯೋಚಿಸದೆ ನುಂಗುತ್ತಾರೆ. ಸಿರೋಸಿಸ್ ಇರುವವರಲ್ಲಿ ಇವು ಮೂತ್ರಪಿಂಡವನ್ನು ಕೆಡಿಸಬಹುದು, ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಹುದು. ವೈದ್ಯರು ಹೇಳಿದ ಅಳತೆಯಲ್ಲಿ, ಸಾಮಾನ್ಯವಾಗಿ ದಿನಕ್ಕೆ 2 ಗ್ರಾಂ ಮೀರದಂತೆ, ಪ್ಯಾರಾಸಿಟಮಾಲೇ ಮೇಲು.

ಹೊಟ್ಟೆಯಲ್ಲಿ ನೀರು ತುಂಬಿತೆಂದು ಕುಡಿಯುವ ನೀರನ್ನು ಕಡಿತ ಮಾಡುವುದೂ ತಪ್ಪು. ರಕ್ತದಲ್ಲಿ ಸೋಡಿಯಂ ತೀರ ಇಳಿದಾಗ ಮಾತ್ರ ವೈದ್ಯರು ಹಾಗೆ ಹೇಳುತ್ತಾರೆ. ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಬೇಕು.

ನಾಟಿ ಮದ್ದು ನಿರಪಾಯ ಎಂಬ ಮಾತೂ ನಿಜವಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಗಡ್ಡೆಗೆ ರಕ್ತ ಹೋಗದಂತೆ ತಡೆಯುವ ಚಿಕಿತ್ಸೆಯಾದ ಮೇಲೆ ಕೆಲವು ದಿನ ಜ್ವರ, ನೋವು, ವಾಕರಿಕೆ ಬರುವುದು ಸಾಮಾನ್ಯ, ಅದರಿಂದಲೇ ಚಿಕಿತ್ಸೆ ಸೋತಿತೆಂದು ಎದೆಗುಂದಬೇಡಿ. ಆದರೆ ಚಳಿ ನಡುಕದ ಜ್ವರ, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.